ಯಾವ ವರ್ಷದ ‘ಮೈಸೂರು’?



ಈ ಮೇಜಿನ ಮೇಲೆ ಎರಡು ಹಡಗುಗಳನ್ನು ಇಟ್ಟಿದ್ದೇನೆ. ಎರಡನ್ನೂ ನಾನೇ ಆಲೆ ಮರದಲ್ಲಿ ಮಾಡಿದ್ದು. ಚನ್ನಪಟ್ಟಣದ ಬೊಂಬೆ ಮಾಡುತ್ತಾರಲ್ಲ, ಅದೇ ಮರ. ಉಳಿಗೆ ಮೆತ್ತಗೆ ಸಿಕ್ಕುತ್ತದೆ, ಸೀಳು ಬಿಡುವುದಿಲ್ಲ. ಎರಡೂ ಸುಮಾರು 85 ಸೆಂಟಿಮೀಟರ್ ಉದ್ದ ಇವೆ. ಎರಡರ ಮೇಲೂ ‘ಮೈಸೂರು’ ಎಂದು ಹೆಸರು ಬರೆದಿದ್ದೆ. ಎಡಗಡೆಯದರ ಹೆಸರನ್ನು ಆಮೇಲೆ ಉಪ್ಪುಕಾಗದದಿಂದ ತಿಕ್ಕಿ ತೆಗೆದೆ. ಯಾಕೆ ತೆಗೆದೆ ಎಂಬುದನ್ನು ಹೇಳುವುದಕ್ಕೇ ಇವತ್ತು ನಿಂತಿದ್ದೇನೆ.

ಕಡಲಿನಿಂದ ಇಷ್ಟು ದೂರದ ಈ ಕೊಳ್ಳೇಗಾಲ ಸೀಮೆಯಲ್ಲಿ ಯುದ್ಧನೌಕೆಯ ನಕ್ಷೆಯ ಬಗ್ಗೆ ದತ್ತಿ ಉಪನ್ಯಾಸ ಏಕೆ ಎಂದು ಕರಪತ್ರ ನೋಡಿದ ಕೆಲವರು ಕೇಳಿದರು. ನಮ್ಮ ಪಾಲಿಗೆ ಸಮುದ್ರವೆಂದರೆ ಶಿವನಸಮುದ್ರ, ಅಲ್ಲಿ ನೀರು ಧುಮುಕುತ್ತದೆಯೇ ಹೊರತು ಹಡಗು ತೇಲುವುದಿಲ್ಲ. ಆದರೆ ನಾನು ಮೂವತ್ತು ವರ್ಷ ಐಟಿಐ ಹುಡುಗರಿಗೆ ಡ್ರಾಯಿಂಗ್ ಹೇಳಿಕೊಟ್ಟವನು. ಹೇಗೆ ಬರೆಯಬೇಕು ಎಂಬುದನ್ನು ಹೇಳಿಕೊಟ್ಟೆ. ಬರೆದ ಗೆರೆಗೆ ಸಾಕ್ಷಿ ಯಾರು ಎಂದು ಕೇಳುವುದನ್ನು ನನಗೆ ಕಲಿಸಿದ್ದು ಈ ಹಡಗು.

ಐಎನ್‌ಎಸ್ ಮೈಸೂರು ಎಂಬ ಕ್ರೂಸರ್ ಹುಟ್ಟಿದ್ದು ಇಂಗ್ಲೆಂಡಿನ ಟೈನ್ ನದಿಯ ದಂಡೆಯಲ್ಲಿ. ಅಲ್ಲಿ ಅದರ ಹೆಸರು ಎಚ್‌ಎಂಎಸ್ ನೈಜೀರಿಯಾ. 1938ರಲ್ಲಿ ಅಡಿಪಟ್ಟಿ ಇಟ್ಟರು, 1939ರ ಜುಲೈನಲ್ಲಿ ನೀರಿಗೆ ಇಳಿಸಿದರು, 1940ರ ಸೆಪ್ಟೆಂಬರಿನಲ್ಲಿ ಅದು ನೌಕಾಪಡೆಗೆ ಸೇರಿತು. 169 ಮೀಟರ್ ಉದ್ದ, 19 ಮೀಟರಿಗೆ ತುಸು ಕಡಿಮೆ ಅಗಲ. ಮುಂದೆ ಎರಡು, ಹಿಂದೆ ಎರಡು ಫಿರಂಗಿ ಗೋಪುರ, ಒಂದೊಂದರಲ್ಲೂ ಮೂರು ಆರಂಗುಲದ ಫಿರಂಗಿ. 1942ರ ಆಗಸ್ಟಿನಲ್ಲಿ ಮಾಲ್ಟಾ ದ್ವೀಪಕ್ಕೆ ಸಾಮಾನು ಸಾಗಿಸುವ ಹಡಗುಗಳಿಗೆ ಬೆಂಗಾವಲಾಗಿ ಹೋದಾಗ ಇಟಲಿಯ ‘ಆಕ್ಸಮ್’ ಎಂಬ ಜಲಾಂತರ್ಗಾಮಿ ಟಾರ್ಪಿಡೊ ಹೊಡೆಯಿತು. ಮುಳುಗಲಿಲ್ಲ. ಅಮೆರಿಕಕ್ಕೆ ಒಯ್ದು ತಿಂಗಳುಗಟ್ಟಲೆ ದುರಸ್ತಿ ಮಾಡಿದರು. ಯುದ್ಧ ಮುಗಿದ ಮೇಲೆ, 1954ರಲ್ಲಿ, ಭಾರತ ಅದನ್ನು ಕೊಂಡಿತು. ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಕಾರ್ಖಾನೆಯಲ್ಲಿ ಅದರ ಮೈಯನ್ನೆಲ್ಲ ಬಿಚ್ಚಿ ಹೊಸದಾಗಿ ಕಟ್ಟಿದರು. 1957ರ ಆಗಸ್ಟ್ 29ರಂದು ಅದಕ್ಕೆ ಮೈಸೂರು ಎಂದು ಹೆಸರಾಯಿತು.

ಆ ತಾರೀಕಿನ ಪಕ್ಕದಲ್ಲಿ ಇನ್ನೊಂದು ತಾರೀಕನ್ನು ಇಟ್ಟು ನೋಡಿ. 1956ರ ನವೆಂಬರ್ 1. ಅಲ್ಲಿಯವರೆಗೆ ಕೊಳ್ಳೇಗಾಲ ತಾಲ್ಲೂಕು, ಅಂದರೆ ಇವತ್ತಿನ ಹನೂರೂ ಸೇರಿದಂತೆ, ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೊದಲಿನಿಂದಲೂ ಮೈಸೂರು ಸಂಸ್ಥಾನದ್ದು. ಹತ್ತು ತಿಂಗಳ ಅಂತರದಲ್ಲಿ ನಾವೂ ಮೈಸೂರಾದೆವು, ಆ ಹಡಗೂ ಮೈಸೂರಾಯಿತು. 1955ರಲ್ಲಿ ಅಚ್ಚಾದ ಭೂಪಟದಲ್ಲಿ ಕೊಳ್ಳೇಗಾಲ ಕೊಯಮತ್ತೂರಿನ ಬಣ್ಣದಲ್ಲೇ ಇರುತ್ತದೆ. ಅದು ತಪ್ಪು ಭೂಪಟವಲ್ಲ, 1955ರ ಭೂಪಟ. ಅದನ್ನು ಇಟ್ಟುಕೊಂಡು 1960ರ ಕಂದಾಯದ ಲೆಕ್ಕ ಬರೆಯಲು ಕೂತರೆ ತಪ್ಪು ನಮ್ಮದಾಗುತ್ತದೆ.

ನಾನು ಮಾಡಿದ್ದು ಅದೇ ತಪ್ಪು. ಅಂಚೆಯಲ್ಲಿ ಒಂದು ನಕ್ಷೆ ತರಿಸಿದೆ. ಮೇಲೆ ಐಎನ್‌ಎಸ್ ಮೈಸೂರು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಎಲ್ಲೂ ವರ್ಷ ಇರಲಿಲ್ಲ. ವರ್ಷ ಇಲ್ಲ ಎಂಬುದು ನನಗೆ ಆಗ ಕಣ್ಣಿಗೆ ಬೀಳಲೂ ಇಲ್ಲ. ಒಂದೂವರೆ ವರ್ಷ ಕೂತು ಮಾಡಿದೆ. ರೇಲಿಂಗಿನ ಕಂಬಿಗಳನ್ನು ತಾಮ್ರದ ತಂತಿಯಲ್ಲಿ ಒಂದೊಂದಾಗಿ ಬೆಸೆದೆ. ಮುಗಿದ ಮೇಲೆ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಇಟ್ಟೆ.

ಹನೂರಿನ ಕಡೆಯ ಒಬ್ಬರು ಬಂದರು. ನೌಕಾಪಡೆಯಲ್ಲಿ ಹದಿನೈದು ವರ್ಷ ಕೆಲಸ ಮಾಡಿ ಊರಿಗೆ ಬಂದು ಅರಿಶಿನ, ಜೋಳ ಬೆಳೆದುಕೊಂಡು ಇರುವವರು. ಬಗ್ಗಿ ನೋಡಿದರು. ಸುತ್ತ ಒಂದು ಸಲ ನಡೆದರು. ಮತ್ತೆ ಬಗ್ಗಿದರು.

“ಇದು ನಮ್ಮ ಹಡಗಲ್ಲ ಕನ ಮೇಷ್ಟ್ರೇ.”

ನಾನು ಹೆಸರು ತೋರಿಸಿದೆ. ಅವರು ಹೆಸರನ್ನು ನೋಡಲಿಲ್ಲ. ಹಿಂದಿನ ಗೋಪುರಗಳ ಮೇಲೆ ಬೆರಳಿಟ್ಟರು. “ಇಲ್ಲಿ ಎರಡಿಲ್ಲ, ಒಂದೇಯ. ಮುಂದ ಎರಡು, ಹಿಂದ ಒಂದು. ನಾನು ದಿನಾ ಬೆಳಿಗ್ಗೆ ಅದರ ಪಕ್ಕದಲ್ಲೇ ನೆಲ ಉಜ್ಜುತಿದ್ದೆ.” ಆಮೇಲೆ ಕಂಬಗಳನ್ನು ಮುಟ್ಟಿದರು. “ಇದು ಮೂರು ಕಾಲಿನ ಕಂಬ. ನಮ್ದು ಜಾಲರಿ ಕಂಬ, ಕರೆಂಟಿನ ಟವರ್ ಇರ್ತದಲ್ಲ, ಹಂಗೆ.” ಪಕ್ಕದಲ್ಲಿದ್ದ ಹುಡುಗನ ಕೈಯಿಂದ ಸೀಮೆಸುಣ್ಣ ಇಸಿದುಕೊಂಡು ಸಿಮೆಂಟು ನೆಲದ ಮೇಲೆ ಕೂತು ಬರೆದೇಬಿಟ್ಟರು. ಅಳತೆ ಇರಲಿಲ್ಲ, ಗೆರೆ ಸೊಟ್ಟಗಿತ್ತು. ಆದರೆ ಆ ಕೋಣೆಯಲ್ಲಿ ಇದ್ದ ಎರಡು ನಕ್ಷೆಗಳಲ್ಲಿ ಸರಿಯಾದದ್ದು ಅದೇ.

ನನ್ನ ಕೈಗೆ ಬಂದಿದ್ದ ನಕ್ಷೆ 1940ರ ನೈಜೀರಿಯಾದ್ದು. ಹೆಸರನ್ನು ಮಾತ್ರ ಬದಲಿಸಿದ್ದರು. ಹಿಂದಿನ ಒಂದು ಗೋಪುರವನ್ನು ಬ್ರಿಟಿಷರ ಕಾಲದಲ್ಲೇ ತೆಗೆದಿದ್ದರು. ಮೈಸೂರಿಗೆ ಉಳಿದದ್ದು ಒಂಬತ್ತು ಫಿರಂಗಿ. ಬರ್ಕನ್‌ಹೆಡ್‌ನಲ್ಲಿ ಮೂರು ಕಾಲಿನ ಕಂಬಗಳು ಹೋಗಿ ಜಾಲರಿ ಕಂಬಗಳು ಬಂದವು, ಕಪ್ತಾನನ ಅಟ್ಟಣೆಗೆ ಹೊಸ ರೂಪ ಬಂತು, ಟಾರ್ಪಿಡೊ ಕೊಳವೆಗಳು ಹೋದವು. ಒಂದೇ ಉಕ್ಕಿನ ಮೈ, ಆದರೆ ದೂರದಿಂದ ಕಂಡಾಗಲೇ ಬೇರೆ ಹಡಗು. ಅವತ್ತು ರಾತ್ರಿ ಮನೆಗೆ ಬಂದು ಹೆಸರನ್ನು ತಿಕ್ಕಿದೆ.

ಇನ್ನು ಈ ನಕ್ಷೆ ಎಂದರೇನು ಎಂಬುದಕ್ಕೆ ಬರುತ್ತೇನೆ. ಮನೆ ಕಟ್ಟುವ ನಕ್ಷೆ ನಿಮಗೆಲ್ಲ ಗೊತ್ತು. ಗೋಡೆ ನೆಟ್ಟಗಿರುತ್ತದೆ, ಮೂಲೆ ಮಟ್ಟವಾಗಿರುತ್ತದೆ. ಹಡಗಿನಲ್ಲಿ ನೆಟ್ಟಗಿರುವುದೇ ಅಪರೂಪ. ಎಲ್ಲ ಕಡೆಯೂ ಬಾಗು. ಹಾಗೆ ಬಾಗಿದ ಮೈಯನ್ನು ಚಪ್ಪಟೆ ಕಾಗದದ ಮೇಲೆ ತರುವುದು ಹೇಗೆ?

ಮನೆಗೆ ಹೋಗಿ ಒಂದು ಸೋರೆಕಾಯಿ ತೆಗೆದುಕೊಳ್ಳಿ. ಈಳಿಗೆಮಣೆಯಲ್ಲಿ ಅಡ್ಡಡ್ಡಲಾಗಿ ಬಿಲ್ಲೆ ಬಿಲ್ಲೆ ಹೆಚ್ಚಿ. ಒಂದೊಂದು ಬಿಲ್ಲೆಯನ್ನೂ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದರೆ, ಕಾಯಿ ಎಲ್ಲಿ ಎಷ್ಟು ದಪ್ಪ ಎಂಬುದು ಬಂತು. ಹಡಗಿನ ನಕ್ಷೆಯಲ್ಲಿ ಇದಕ್ಕೆ ಬಾಡಿ ಪ್ಲಾನ್ ಎನ್ನುತ್ತಾರೆ. ಇನ್ನೊಂದು ಕಾಯಿಯನ್ನು ಮಲಗಿಸಿ, ಮಣೆಗೆ ಸಮನಾಗಿ ಉದ್ದುದ್ದಕ್ಕೆ ಪದರ ಪದರವಾಗಿ ಸೀಳಿ. ನೀರು ಆಯಾ ಮಟ್ಟಕ್ಕೆ ಬಂದರೆ ಕಾಯಿಯ ಸುತ್ತ ಎಲ್ಲಿ ತಾಗುತ್ತದೆ ಎಂಬುದನ್ನು ಆ ಪದರಗಳು ತೋರಿಸುತ್ತವೆ. ಅವು ವಾಟರ್‌ಲೈನ್. ಮೂರನೆಯ ಕಾಯಿಯನ್ನು ಉದ್ದಕ್ಕೇ, ಆದರೆ ಮೇಲಿಂದ ಕೆಳಕ್ಕೆ ಸೀಳಿದರೆ ಪಕ್ಕದ ನೋಟದ ಬಾಗುಗಳು ಸಿಗುತ್ತವೆ. ಮೂರು ಬಗೆಯ ಕೊಯ್ತ, ಒಂದೇ ಕಾಯಿ. ಒಂದರಲ್ಲಿ ಗುರುತು ಮಾಡಿದ ಯಾವ ಬಿಂದುವೇ ಆಗಲಿ, ಉಳಿದೆರಡರಲ್ಲೂ ಅದೇ ಜಾಗದಲ್ಲಿ ಸಿಕ್ಕಬೇಕು. ಸಿಕ್ಕದಿದ್ದರೆ ಎಲ್ಲೋ ಒಂದು ಗೆರೆ ಸುಳ್ಳು ಹೇಳುತ್ತಿದೆ.

ಹಡಗಿನ ಎಡಬಲ ಎರಡೂ ಒಂದೇ ಆದ್ದರಿಂದ ಅರ್ಧ ಮೈಯನ್ನು ಬರೆದರೆ ಸಾಕು. ಬಾಡಿ ಪ್ಲಾನಿನಲ್ಲಿ ನಡುಗೆರೆಯ ಬಲಕ್ಕೆ ಮುಂಭಾಗದ ಬಿಲ್ಲೆಗಳು, ಎಡಕ್ಕೆ ಹಿಂಭಾಗದ ಬಿಲ್ಲೆಗಳು. ಮೊದಲ ಸಲ ನೋಡುವವರಿಗೆ ಅದು ಒಂದು ವಕ್ರವಾದ ಮಡಕೆಯ ಹಾಗೆ ಕಾಣುತ್ತದೆ. ಓದಲು ಕಲಿತವರಿಗೆ ಅದರಲ್ಲಿ ನೀರು ಹೇಗೆ ಸರಿದು ಹೋಗುತ್ತದೆ ಎಂಬುದು ಕಾಣಿಸುತ್ತದೆ.

ಈ ಬಾಗುಗಳನ್ನು ಎಳೆಯುವುದಕ್ಕೆ ಹಡಗುಕಟ್ಟೆಯವರು ಬಳುಕುವ ಮರದ ತೆಳು ಪಟ್ಟಿಯನ್ನು ಇಡುತ್ತಿದ್ದರು, ಅದು ಸರಿಯದಂತೆ ಸೀಸದ ತೂಕಗಳನ್ನು ಒತ್ತಿಡುತ್ತಿದ್ದರು. ನನ್ನ ಬಳಿ ಸೀಸದ ತೂಕ ಇಲ್ಲ. ಬಿದಿರ ದಬ್ಬೆಯನ್ನು ತೆಳ್ಳಗೆ ಹೆರೆದು, ತಕ್ಕಡಿಯ ಹಳೆಯ ಬಟ್ಟುಗಳನ್ನು ಒತ್ತಿಟ್ಟು ಎಳೆಯುತ್ತೇನೆ. ಬಿದಿರಿಗೆ ಒಂದು ಗುಣವಿದೆ, ನೀವು ಸುಳ್ಳು ಬಿಂದುವನ್ನು ಕೊಟ್ಟರೆ ಅದು ಒಪ್ಪುವುದಿಲ್ಲ. ಬಟ್ಟನ್ನು ಎತ್ತಿದ ಕೂಡಲೇ ತನ್ನ ಬಾಗಿಗೆ ತಾನೇ ಹಾರಿ ಕೂರುತ್ತದೆ. ನಾಲ್ಕೈದು ವರ್ಷ ಈ ಕೆಲಸ ಮಾಡಿದ ಮೇಲೆ ನನಗೆ ದಬ್ಬೆಯ ಮೇಲೆ ನನ್ನ ಕಣ್ಣಿಗಿಂತ ಹೆಚ್ಚು ನಂಬಿಕೆ ಬಂದಿದೆ.

ಹೀಗೆ ಹಡಗನ್ನು ಕಾಗದದ ಮೇಲೆ ಬರೆಯುವ ಪದ್ಧತಿ ಬಹಳ ಹಳೆಯದಲ್ಲ. ಇಂಗ್ಲೆಂಡಿನ ಮ್ಯಾಥ್ಯೂ ಬೇಕರ್ ಎಂಬ ಹಡಗು ಶಿಲ್ಪಿ 16ನೆಯ ಶತಮಾನದ ಕೊನೆಯ ಭಾಗದಲ್ಲಿ ಬರೆದ ಹಾಳೆಗಳು ಕೇಂಬ್ರಿಜ್‌ನಲ್ಲಿ ಉಳಿದಿವೆ. ಅವುಗಳಲ್ಲಿ ಒಂದು ಹಾಳೆಯಲ್ಲಿ ಹಡಗಿನ ನೀರಿನೊಳಗಿನ ಮೈಗೆ ಸರಿಯಾಗಿ ಒಂದು ಮೀನನ್ನು ಬರೆದಿದ್ದಾನೆ, ತಲೆ ದಪ್ಪ, ಬಾಲ ಸಣ್ಣ. 1768ರಲ್ಲಿ ಸ್ವೀಡನ್ನಿನ ಚಾಪ್‌ಮನ್ ಹಡಗುಗಳ ನಕ್ಷೆಗಳ ದೊಡ್ಡ ಪುಸ್ತಕವನ್ನೇ ಅಚ್ಚು ಹಾಕಿಸಿದ. ಅದನ್ನು ಮುಂದಿಟ್ಟುಕೊಂಡು ಇವತ್ತಿಗೂ ಮಾದರಿ ಮಾಡುವವರಿದ್ದಾರೆ.

ನಮ್ಮ ಕಡೆ ಹೇಗಿತ್ತು? ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ಸುಮಾರಿಗೆ ರವಿಕೀರ್ತಿ ಬರೆದ ಶಾಸನವಿದೆ. ಇಮ್ಮಡಿ ಪುಲಕೇಶಿ ಪಶ್ಚಿಮ ಸಮುದ್ರದ ಪುರಿ ಎಂಬ ನಗರಕ್ಕೆ ನೂರಾರು ಹಡಗುಗಳೊಡನೆ ಮುತ್ತಿಗೆ ಹಾಕಿದ್ದನ್ನು ಅದು ಹೇಳುತ್ತದೆ, ಆ ಹಡಗುಗಳನ್ನು ಮದಿಸಿದ ಆನೆಗಳಿಗೆ ಹೋಲಿಸುತ್ತದೆ. ನಾನು ಈ ಸಾಲಿನ ಮುಂದೆ ಬಹಳ ಹೊತ್ತು ಕೂತಿದ್ದೇನೆ. ಉಪಮೆ ಚೆನ್ನಾಗಿದೆ, ಅಳತೆ ಇಲ್ಲ. ಮುಂಬಯಿಯ ಬೋರಿವಲಿ ಬಳಿ ಏಕಸರ್ ಎಂಬಲ್ಲಿ ಕಡಲ ಕಾಳಗದ ವೀರಗಲ್ಲುಗಳಿವೆ, ಸಾಲುಹುಟ್ಟು ಹಾಕಿದ ಹಡಗುಗಳು ಕಲ್ಲಿನಲ್ಲಿ ಸ್ಪಷ್ಟವಾಗಿವೆ. ಆದರೆ ಶಿಲ್ಪಿಗೆ ವೀರ ಮುಖ್ಯ, ಹಡಗು ಅಲ್ಲ. ಮನುಷ್ಯನ ತಲೆಯನ್ನು ಅಳತೆಗೋಲು ಮಾಡಿಕೊಂಡರೆ ಹಡಗು ತೊಟ್ಟಿಲಿನಷ್ಟಾಗುತ್ತದೆ.

ಇನ್ನೂ ಹತ್ತಿರದ ಕಥೆ ಶ್ರೀರಂಗಪಟ್ಟಣದ್ದು. 1796ರಲ್ಲಿ ಟಿಪ್ಪು ಸುಲ್ತಾನ ಹೊಸ ನೌಕಾಪಡೆಗೆ ಆಜ್ಞೆ ಹೊರಡಿಸಿದ. ಸುಮಾರು 40 ಯುದ್ಧನೌಕೆಗಳು, ಅವನ್ನು ಕಟ್ಟಲು ಮಂಗಳೂರು, ಮಿರ್ಜಾನ್ ಬಳಿ ಮತ್ತು ಸದಾಶಿವಗಡದಲ್ಲಿ ಮೂರು ಕಟ್ಟೆಗಳು. ಇದೆಲ್ಲವನ್ನೂ ನೋಡಿಕೊಳ್ಳಲು ರಾಜಧಾನಿಯಲ್ಲಿ 11 ಮಂದಿ ನೌಕಾ ಅಧಿಕಾರಿಗಳು, ಅಂದರೆ ಮೀರ್ ಯಮ್‌ಗಳು. ಕಾವೇರಿಯ ನಡುಗಡ್ಡೆಯಲ್ಲಿ, ಕಡಲು ಕಾಣದ ಊರಿನಲ್ಲಿ ಕೂತು ಕಡಲ ಆಡಳಿತ ನಡೆಸಬೇಕಿತ್ತು. ಹಡಗಿನ ಮಾದರಿಯನ್ನು ಸುಲ್ತಾನನೇ ಕೊಟ್ಟ ಎಂದು ಇತಿಹಾಸಕಾರರು ಬರೆದಿದ್ದಾರೆ. ಇಲ್ಲಿ ನನ್ನ ಮನಸ್ಸು ನಿಲ್ಲುತ್ತದೆ. ನಾನು ಹಡಗನ್ನು ನೋಡಿ ಮಾದರಿ ಮಾಡುತ್ತೇನೆ. ಅಲ್ಲಿ ಮಾದರಿಯನ್ನು ನೋಡಿ ಹಡಗು ಕಟ್ಟಬೇಕಿತ್ತು. ಕರಾವಳಿಯ ಮೇಸ್ತ್ರಿ ಕಾಗದ ಓದುವವನಲ್ಲ, ಮರವನ್ನು ಕೈಯಲ್ಲಿ ಹಿಡಿದು ಬಾಗು ನೋಡುವವನು. ಅವನಿಗೆ ಕಳಿಸಬೇಕಾದ ಕಾಗದ ಮಾದರಿಯೇ. ಮೂರೇ ವರ್ಷದಲ್ಲಿ, 1799ರ ಮೇ 4ರಂದು, ಪಟ್ಟಣ ಬಿತ್ತು. ಆಜ್ಞೆಯ ಮಾತುಗಳು ಇಂಗ್ಲಿಷಿಗೆ ತರ್ಜುಮೆಯಾಗಿ ಉಳಿದವು. ಟಿಪ್ಪುವಿನ ಖಜಾನೆಯ ಲೆಕ್ಕ ನೋಡುತ್ತಿದ್ದ ಪೂರ್ಣಯ್ಯನವರು ಮುಂದೆ ಮೈಸೂರಿನ ದಿವಾನರಾದರು, 1807ರಲ್ಲಿ ಯಳಂದೂರು ಅವರಿಗೆ ಜಹಗೀರಾಗಿ ಬಂತು. ಯಳಂದೂರಿನ ಜಹಗೀರುದಾರರ ಬಂಗಲೆಯ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಹಡಗುಗಳ ಮರಕ್ಕೂ ಕಬ್ಬಿಣಕ್ಕೂ ಹಣ ಲೆಕ್ಕ ಹಾಕುತ್ತಿದ್ದ ಆ ಕಚೇರಿಯ ನೆನಪಾಗುತ್ತದೆ.

ನಕ್ಷೆ ಎಷ್ಟು ಬೆಲೆಯುಳ್ಳದ್ದು ಎಂಬುದಕ್ಕೆ ಒಂದು ಘಟನೆ ಹೇಳುತ್ತೇನೆ. ಇದನ್ನು ನಾನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ.

1782ರಲ್ಲಿ ಇಂಗ್ಲಿಷರು ‘ಎಬೆ’ ಎಂಬ ಫ್ರೆಂಚ್ ಫ್ರಿಗೇಟನ್ನು ಸೆರೆಹಿಡಿದರು. ಅದರ ಮೈ ಎಷ್ಟು ಚೆನ್ನಾಗಿತ್ತೆಂದರೆ, ಅದನ್ನು ಒಣಕಟ್ಟೆಗೆ ಎಳೆದು ಬಿಲ್ಲೆ ಬಿಲ್ಲೆಯಾಗಿ ಅಳತೆ ತೆಗೆದು ನಕ್ಷೆ ಬರೆದುಕೊಂಡರು. ಅದೇ ನಕ್ಷೆಯ ಆಧಾರದ ಮೇಲೆ ‘ಲೀಡಾ’ ಜಾತಿಯ ಫ್ರಿಗೇಟುಗಳು ಸಾಲುಸಾಲಾಗಿ ಬಂದವು. ನೆಪೋಲಿಯನ್ನಿನ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರ ಮುಗಿಯುತ್ತ ಬಂದಾಗ, 1812ರ ಅಕ್ಟೋಬರಿನಲ್ಲಿ, ಅಂಥದೊಂದನ್ನು ಮುಂಬಯಿಯಲ್ಲಿ ತೇಗದ ಮರದಲ್ಲಿ ಕಟ್ಟಲು ಆದೇಶವಾಯಿತು. ಕಟ್ಟಬೇಕಾದವರು ವಾಡಿಯಾ ಎಂಬ ಪಾರ್ಸಿ ಮನೆತನದವರು. ನಕ್ಷೆಗಳನ್ನು ಎಚ್‌ಎಂಎಸ್ ಜಾವಾ ಎಂಬ ಹಡಗಿನಲ್ಲಿ ಕಳಿಸಿದರು. 1812ರ ಡಿಸೆಂಬರ್ 29ರಂದು ಬ್ರೆಜಿಲ್ ಕರಾವಳಿಯಾಚೆ ಅಮೆರಿಕದ ‘ಕಾನ್‌ಸ್ಟಿಟ್ಯೂಷನ್’ ಎದುರಾಯಿತು. ಮೂರು ಗಂಟೆಗೂ ಹೆಚ್ಚು ಕಾದಾಟ. ಜಾವಾ ಸೋತಿತು, ಗೆದ್ದವರು ಅದಕ್ಕೆ ಬೆಂಕಿ ಇಟ್ಟರು. ನಕ್ಷೆ ಮುಂಬಯಿಗೆ ಬರಲಿಲ್ಲ.

ಮುಂಬಯಿಯಲ್ಲಿ ಕಟ್ಟೆ ಇತ್ತು. ಮಲಬಾರಿನ ತೇಗ ಇತ್ತು. ಜಮ್‌ಶೆಟ್‌ಜಿ ಬೊಮಾನ್‌ಜಿ ವಾಡಿಯಾ ಅವರಂಥ ಮೇಸ್ತ್ರಿ ಇದ್ದರು. ಕಾಗದ ಇರಲಿಲ್ಲ. ಇನ್ನೊಂದು ಪ್ರತಿ ಬರೆದು ಕಳಿಸಿ, ಕೆಲಸ ಶುರುವಾದದ್ದು 1816ರಲ್ಲಿ. 1817ರ ಅಕ್ಟೋಬರ್ 12ರಂದು ‘ಟ್ರಿಂಕೋಮಲಿ’ ನೀರಿಗಿಳಿಯಿತು. ಇವತ್ತಿಗೂ ಅದು ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಫ್ರೆಂಚರ ಬಾಗು, ಇಂಗ್ಲಿಷರ ಕಾಗದ, ಪಾರ್ಸಿಯವರ ಕೈ, ನಮ್ಮ ಪಶ್ಚಿಮ ಘಟ್ಟದ ಸೆರಗಿನ ಮರ. ಎರಡು ನೂರು ವರ್ಷ ಕಳೆದರೂ ಹಾಳಾಗದ ಆ ಮೈಯ ಹಿಂದೆ ಸೆರೆಹಿಡಿದ ಹಡಗೊಂದರ ಹೊಟ್ಟೆಯ ಕೆಳಗೆ ಅಳತೆಗೋಲು ಹಿಡಿದು ಕೂತ ಹೆಸರಿಲ್ಲದ ಕೆಲವರಿದ್ದಾರೆ. ನಾನು ಅವರನ್ನು ನನ್ನ ವೃತ್ತಿಯ ಹಿರಿಯರು ಎಂದು ಭಾವಿಸುತ್ತೇನೆ.

ಗ್ರೀನ್‌ವಿಚ್‌ನ ರಾಷ್ಟ್ರೀಯ ಸಾಗರ ಸಂಗ್ರಹಾಲಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಹಡಗಿನ ನಕ್ಷೆಗಳಿವೆ. ಅವುಗಳಲ್ಲಿ ಎರಡು ಬಗೆ. ಹಡಗನ್ನು ಹೀಗೆ ಕಟ್ಟಬೇಕು ಎಂದು ಮೊದಲು ಬರೆದದ್ದು ಒಂದು. ಕಟ್ಟಿ ಮುಗಿಸಿದ ಮೇಲೆ ನಿಜವಾಗಿ ಹೇಗಿದೆ ಎಂದು ನೋಡಿ ಬರೆದದ್ದು ಇನ್ನೊಂದು. ಎರಡನೆಯದಕ್ಕೆ ‘ಆ್ಯಸ್ ಫಿಟೆಡ್’ ನಕ್ಷೆ ಎನ್ನುತ್ತಾರೆ, ಕನ್ನಡದಲ್ಲಿ ‘ಇದ್ದಂತೆ’ ಎಂದು ನಾನು ಕರೆಯುತ್ತೇನೆ. ಮುಂದೆ ದುರಸ್ತಿಗೆ ಬಂದಾಗ ಏನಾದರೂ ಬದಲಾದರೆ ಅದೇ ಹಾಳೆಯ ಮೇಲೆ ಬೇರೆ ಬಣ್ಣದ ಶಾಯಿಯಲ್ಲಿ ತಿದ್ದುತ್ತಿದ್ದರು. ಹಳೆಯ ಗೆರೆಯನ್ನು ಅಳಿಸುತ್ತಿರಲಿಲ್ಲ. ಹಾಗಾಗಿ ಒಂದೇ ಹಾಳೆಯಲ್ಲಿ ಹಡಗಿನ ಹಲವು ವಯಸ್ಸುಗಳು ಕಾಣುತ್ತವೆ, ಜಾತಕದ ಪಕ್ಕದಲ್ಲೇ ಜೀವನ ಚರಿತ್ರೆ ಬರೆದ ಹಾಗೆ.

ಮಾದರಿ ಮಾಡುವವರಿಗೆ ಬೇಕಾದದ್ದು ಈ ಎರಡನೆಯ ನಕ್ಷೆ. ಆದರೆ ಅಂಗಡಿಯಲ್ಲಿ ಸಿಗುವುದು ಬಹುಪಾಲು ಮೊದಲನೆಯದು, ಅಥವಾ ಎರಡನ್ನೂ ಬೆರೆಸಿ ಯಾರೋ ಅಂದವಾಗಿ ಬರೆದ ಮೂರನೆಯದು. ಅಂದವಾದ ನಕ್ಷೆಯನ್ನು ಕಂಡರೆ ನನಗೆ ಈಗ ಭಯ. ಎಲ್ಲ ಮೂಲೆಯೂ ತುಂಬಿದ, ಎಲ್ಲೂ ಚುಕ್ಕಿಗೆರೆ ಇಲ್ಲದ ನಕ್ಷೆ ಎಂದರೆ ಬರೆದವರು ಎಲ್ಲೋ ಊಹಿಸಿ ತುಂಬಿದ್ದಾರೆ.

ಕಾರವಾರಕ್ಕೆ ಹೋದವರು ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಪಲ್ ನೋಡಿರುತ್ತೀರಿ. ನಮ್ಮ ರಾಜ್ಯದಲ್ಲಿ ಯಾರು ಬೇಕಾದರೂ ಹತ್ತಿರ ಹೋಗಿ ನೋಡಬಹುದಾದ ಯುದ್ಧನೌಕೆ ಅದು. 38.6 ಮೀಟರ್ ಉದ್ದದ, ರಷ್ಯದಲ್ಲಿ ಕಟ್ಟಿದ ಕ್ಷಿಪಣಿ ದೋಣಿ. 1976ರಲ್ಲಿ ಸೇವೆಗೆ ಬಂತು, 2005ರಲ್ಲಿ ನಿವೃತ್ತಿಯಾಯಿತು. ಮರುವರ್ಷ ವಸ್ತುಸಂಗ್ರಹಾಲಯವಾಯಿತು. ನೀರಿನಿಂದ ಮೇಲೆ ಇಟ್ಟಿರುವುದರಿಂದ ಸಾಮಾನ್ಯವಾಗಿ ಮುಳುಗಿರುವ ಮೈಯೂ ಕಣ್ಣಿಗೆ ಸಿಗುತ್ತದೆ. ಮಾದರಿ ಮಾಡುವವರಿಗೆ ಅದು ದೇವರು ಕೊಟ್ಟ ವರ. ನಾನು ತೂಗುಗುಂಡು, ಟೇಪು, ಒಂದು ನೋಟ್‌ಬುಕ್ ಹಿಡಿದುಕೊಂಡು ಎರಡು ದಿನ ಅದರ ಸುತ್ತ ಇದ್ದೆ.

ಇಲ್ಲೂ ಒಂದು ಗುಂಡಿ ಇದೆ, ಬೀಳಬೇಡಿ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಮೇಲೆ ದಾಳಿ ಮಾಡಿದ ನಿಪತ್, ನಿರ್ಘಾತ್, ವೀರ್ ದೋಣಿಗಳು ಇದೇ ‘ಓಸಾ’ ಜಾತಿಯವು. ಡಿಸೆಂಬರ್ 4 ನೌಕಾದಿನವಾದದ್ದು ಆ ದಾಳಿಯಿಂದ. ಆ ದೋಣಿಗಳನ್ನು ಮಾಡಬೇಕೆಂದು ಮಕ್ಕಳು ಚಪಲ್‌ನ ಫೋಟೋ ತೆಗೆದುಕೊಂಡು ಬರುತ್ತಾರೆ. ಚಪಲ್ ಆ ಜಾತಿಯ ಎರಡನೆಯ ರೂಪ, ಅದರ ಕ್ಷಿಪಣಿ ಕೋಶಗಳು ದುಂಡಗೆ ಪೀಪಾಯಿಯ ಹಾಗಿವೆ. ಕರಾಚಿಗೆ ಹೋದವು ಮೊದಲನೆಯ ರೂಪದವು, ಅವುಗಳ ಕೋಶ ಪೆಟ್ಟಿಗೆಯಾಕಾರದ್ದು. ಚಪಲ್ ನೋಡಿ ನಿಪತ್ ಮಾಡಿದರೆ, ಆ ರಾತ್ರಿ ಆ ದೋಣಿಯಲ್ಲಿ ಇದ್ದವರೊಬ್ಬರು ಬಂದು ನೋಡಿದಾಗ ಹನೂರಿನವರು ನನಗೆ ಹೇಳಿದ್ದನ್ನೇ ಹೇಳಬೇಕಾಗುತ್ತದೆ. ಪ್ರಾಣ ಪಣವಿಟ್ಟು ನಿಂತವರ ದೋಣಿಯನ್ನು ನಾವು ತಪ್ಪಾಗಿ ಮಾಡಬಾರದು. ನನಗೆ ಈ ವಿಷಯದಲ್ಲಿ ರಾಜಿ ಇಲ್ಲ.

ಇನ್ನೊಂದು ಸಣ್ಣ ಮಾತು, ಆದರೆ ಎಲ್ಲರ ಕೆಲಸವನ್ನೂ ಕೆಡಿಸುವುದು ಇದೇ. ಝೆರಾಕ್ಸ್. ಮೂಲ ನಕ್ಷೆಯನ್ನು ಯಾರೂ ಕತ್ತರಿಸುವುದಿಲ್ಲ, ಝೆರಾಕ್ಸ್ ಮಾಡಿಸಿ ಅದನ್ನು ಮರಕ್ಕೆ ಅಂಟಿಸುತ್ತಾರೆ. ಯಂತ್ರ ನೂರಕ್ಕೆ ತೊಂಬತ್ತೆಂಟು ಪಾಲಿಗೆ ಇಳಿಸಿಬಿಟ್ಟರೆ ಕಣ್ಣಿಗೆ ಗೊತ್ತಾಗುವುದಿಲ್ಲ. ನನ್ನ ಈ ಹಡಗು ನಿಜವಾದದ್ದರ 200ರಲ್ಲಿ ಒಂದು ಪಾಲು. ಇಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಅಲ್ಲಿ 20 ಸೆಂಟಿಮೀಟರ್. ನೂರಕ್ಕೆ ಎರಡು ಕುಗ್ಗಿದರೆ 169 ಮೀಟರಿನ ಹಡಗು 3 ಮೀಟರಿಗೂ ಹೆಚ್ಚು ಗಿಡ್ಡವಾಗುತ್ತದೆ. ಒಂದು ಕೋಣೆಯೇ ಮಾಯ. ಕೆಲವು ಯಂತ್ರಗಳು ಉದ್ದಕ್ಕೊಂದು ರೀತಿ, ಅಗಲಕ್ಕೊಂದು ರೀತಿ ಹಿಗ್ಗಿಸುತ್ತವೆ. ಆದ್ದರಿಂದ ಪ್ರತಿ ಮಾಡಿಸುವ ಮೊದಲು ಮೂಲದ ಮೇಲೆ ಪೆನ್ಸಿಲಿನಲ್ಲಿ ಉದ್ದಕ್ಕೆ 10 ಸೆಂಟಿಮೀಟರ್, ಅಗಲಕ್ಕೆ 10 ಸೆಂಟಿಮೀಟರ್ ಗೆರೆ ಹಾಕಿ. ಪ್ರತಿ ಬಂದ ಮೇಲೆ ಅಂಗಡಿಯಲ್ಲೇ ನಿಂತು ಸ್ಕೇಲಿಟ್ಟು ನೋಡಿ.

ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಡುವುದು ಹಡಗಿನಿಂದ ಅಲ್ಲ. ಯಳಂದೂರಿನ ಗೌರೀಶ್ವರ ಗುಡಿಯ ಬಳೆಮಂಟಪಕ್ಕೆ ಕರೆದುಕೊಂಡು ಹೋಗುತ್ತೇನೆ. ಕಲ್ಲಿನಲ್ಲೇ ಕೆತ್ತಿ ಒಂದಕ್ಕೊಂದು ಕೋದ ಬಳೆಗಳನ್ನು ನೋಡಿ ಎಲ್ಲರೂ ಬೆರಗಾಗುತ್ತಾರೆ. ಬೆರಗಾದದ್ದು ಸಾಕು, ಈಗ ಅಳೆಯಿರಿ ಎನ್ನುತ್ತೇನೆ. ಸಾಲುಸಾಲಾಗಿ ಪೊರಕೆ ಕಡ್ಡಿ ಜೋಡಿಸಿ ಎರಡು ರಟ್ಟಿನ ನಡುವೆ ಬಿಗಿದರೆ ಒಂದು ಒಳ್ಳೆಯ ಉಪಕರಣವಾಗುತ್ತದೆ. ಕಂಬದ ಬಾಗಿಗೆ ಮೆಲ್ಲಗೆ ಒತ್ತಿದರೆ ಕಡ್ಡಿಗಳು ಹಿಂದಕ್ಕೆ ಸರಿದು ಆ ಬಾಗನ್ನೇ ಹಿಡಿದುಕೊಂಡು ಬರುತ್ತವೆ. ಒಂದು ಹುಡುಗಿ ಒಂದು ಬಳೆಯ ಸವೆದ ಅಂಚನ್ನು ನಯವಾದ ದುಂಡಗೆರೆಯಲ್ಲಿ ತುಂಬಿ ಬರೆದಿದ್ದಳು. “ಶಿಲ್ಪಿ ಹಿಂಗೇ ಮಾಡಿರ್ತಾನಲ್ವಾ ಸಾರ್” ಎಂದಳು. ಅವಳು ಹೇಳಿದ್ದು ಸರಿಯೇ ಇರಬಹುದು. ಆದರೆ ಸವೆದದ್ದನ್ನು ಸವೆದ ಹಾಗೆ ಕಪ್ಪಿನಲ್ಲಿ ಬರೆಯಮ್ಮ, ಅವನು ಮಾಡಿದ್ದು ಎಂದು ನಿನಗೆ ಅನ್ನಿಸುವುದನ್ನು ಕೆಂಪಿನಲ್ಲಿ ಬರೆ, ಮೂಲೆಯಲ್ಲಿ ಇವತ್ತಿನ ತಾರೀಕು ಹಾಕು ಎಂದೆ. ಈಗ ಅವಳು ಸಿವಿಲ್ ಓದುತ್ತಿದ್ದಾಳೆ. ಮೊನ್ನೆ ಸಿಕ್ಕಾಗ ಬ್ಯಾಗಿನಲ್ಲಿ ಎರಡು ಬಣ್ಣದ ಪೆನ್ನು ಇತ್ತು.

ಹನೂರು ತಾಲ್ಲೂಕಿನ ಗೋಪಿನಾಥಂ ಕಡೆ, ಹೊಗೇನಕಲ್ಲಿನ ಮೇಲ್ದಂಡೆಯಲ್ಲಿ ಹರಿಗೋಲು ಇವತ್ತಿಗೂ ಓಡುತ್ತದೆ. ಕಟ್ಟುವವರಿಗೆ ನಕ್ಷೆ ಬೇಕಿಲ್ಲ. ನೆಲದ ಮೇಲೆ ಬಿದಿರ ದಬ್ಬೆಗಳನ್ನು ಅಡ್ಡ ಉದ್ದ ಹೆಣೆದು, ಅಂಚನ್ನು ಎತ್ತಿ ಬಾಗಿಸಿ ಕಟ್ಟುತ್ತಾರೆ. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು. ಕೇರಳದ ಬೇಪೂರಿನಲ್ಲಿ ಉರು ಎಂಬ ದೊಡ್ಡ ದೊಡ್ಡ ಮರದ ಹಡಗುಗಳನ್ನೇ ಹಾಗೆ ನಕ್ಷೆಯಿಲ್ಲದೆ ಕಟ್ಟುತ್ತ ಬಂದಿದ್ದಾರೆ. ಆ ಜಾಣ್ಮೆಗೆ ಕೈ ಮುಗಿಯುತ್ತೇನೆ. ಆದರೆ ನಮ್ಮ ಕರಾವಳಿಯ ಮಚವೆ, ಪತ್ತೇಮಾರಿ ದೋಣಿಗಳ ಮೈ ಹೇಗಿತ್ತು ಎಂದು ತಿಳಿಯಬೇಕಾದರೆ ನಾವು ಫ್ರಾನ್ಸಿನ ಒಬ್ಬ ನೌಕಾಧಿಕಾರಿಯ ಪುಸ್ತಕ ತೆರೆಯಬೇಕು. ಎಡ್ಮಂಡ್ ಪಾರಿ ಎಂದು ಅವನ ಹೆಸರು. 19ನೆಯ ಶತಮಾನದ ಮೊದಲ ಭಾಗದಲ್ಲಿ ಲೋಕ ಸುತ್ತಿದಾಗ, ಸೇರಿದ ಬಂದರಿನಲ್ಲೆಲ್ಲ ಅಲ್ಲಿನ ದೋಣಿಗಳನ್ನು ಅಳೆದು ಬರೆದುಕೊಂಡ. 1840ರ ದಶಕದಲ್ಲಿ ಅವನ್ನು ಅಚ್ಚು ಹಾಕಿಸಿದ. ವಯಸ್ಸಾದ ಮೇಲೆ ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯದ ಮುಖ್ಯಸ್ಥನಾಗಿ, ತನ್ನ ನಕ್ಷೆಗಳಿಂದಲೇ ಮಾದರಿಗಳನ್ನು ಮಾಡಿಸಿ ಇಟ್ಟ. ಆ ದೋಣಿಗಳನ್ನು ಕಟ್ಟಿದ ಕೈಗಳು ಹೋದವು, ಅವನ ಕಾಗದ ಉಳಿಯಿತು. ಹೋದ ಬೇಸಗೆಯಲ್ಲಿ ನಾವು ಆರು ಜನ ಗೋಪಿನಾಥಂ ಕಡೆಗೆ ಹೋಗಿ ಒಂದು ಹರಿಗೋಲನ್ನು ಬೋರಲು ಹಾಕಿ ಅಳೆದು ಬಂದೆವು. ದಬ್ಬೆ ಎಷ್ಟು, ಒಂದೊಂದರ ಅಗಲ ಎಷ್ಟು, ಹೆಣಿಗೆ ಎಲ್ಲಿ ಒತ್ತು, ಎಲ್ಲಿ ಸಡಿಲ, ಎಲ್ಲ ಎರಡು ಹಾಳೆಯಲ್ಲಿದೆ.

ಮತ್ತೆ ಈ ಮೇಜಿಗೆ. ಬಲಗಡೆಯ ಹಡಗು ಎರಡನೆಯ ಸಲ ಮಾಡಿದ್ದು. ಇದಕ್ಕೆ ನಕ್ಷೆ ತರಿಸಲಿಲ್ಲ, ಬರೆದೆವು. ನೀರಿನೊಳಗಿನ ಮೈ ನೈಜೀರಿಯಾದ ನಕ್ಷೆಯಿಂದ ಬಂತು, ಅದು ಹೆಚ್ಚು ಬದಲಾಗುವುದಲ್ಲ. ಮೇಲಿನದನ್ನು 1957ರ ನಂತರದ ಫೋಟೋಗಳಿಂದ ತೆಗೆದೆವು. ಫೋಟೋದಲ್ಲಿ ಒಬ್ಬ ಮನುಷ್ಯ ಬಾಗಿಲ ಪಕ್ಕ ನಿಂತಿದ್ದರೆ ಸಾಕು, ಅವನನ್ನು ಐದೂವರೆ ಅಡಿ ಎಂದಿಟ್ಟುಕೊಂಡು ಬಾಗಿಲು, ಬಾಗಿಲಿನಿಂದ ಅಟ್ಟಣೆ, ಅಟ್ಟಣೆಯಿಂದ ಕಂಬ ಎಂದು ಲೆಕ್ಕ ಹತ್ತುತ್ತ ಹೋಗಬಹುದು. ಹನೂರಿನ ಆ ಹಿರಿಯರು ತಿಂಗಳಿಗೆರಡು ಭಾನುವಾರ ಬಸ್ಸು ಹತ್ತಿ ಬಂದರು. ಬಟ್ಟೆ ಒಣಗಿಸುತ್ತಿದ್ದ ಹಗ್ಗ ಯಾವ ಕೊಕ್ಕೆಯಿಂದ ಯಾವ ಕೊಕ್ಕೆಗೆ ಹೋಗುತ್ತಿತ್ತು ಎಂಬುದೂ ಅವರಿಗೆ ನೆನಪಿತ್ತು. ಅವರು ಹೇಳಿದ್ದರ ಮುಂದೆಲ್ಲ ನಕ್ಷೆಯಲ್ಲಿ ಅವರ ಕೈಯಿಂದಲೇ ರುಜು ಹಾಕಿಸಿದ್ದೇನೆ. ಫೋಟೋ ಸಾಕ್ಷಿಯ ಗೆರೆ ಕಪ್ಪು, ಅವರ ನೆನಪಿನ ಗೆರೆ ನೀಲಿ, ನಮ್ಮ ಊಹೆ ಕೆಂಪು. ಮೂಲೆಯಲ್ಲಿ ‘ಐಎನ್‌ಎಸ್ ಮೈಸೂರು, 1971’ ಎಂದಿದೆ. ಅದು ಪಶ್ಚಿಮ ನೌಕಾದಳದ ಮುಂದಾಳು ಹಡಗಾಗಿದ್ದ ವರ್ಷ.

ಮೈಸೂರನ್ನು 1985ರ ಆಗಸ್ಟಿನಲ್ಲಿ ಸೇವೆಯಿಂದ ಬಿಡಿಸಿ ಒಡೆಯಲು ಕೊಟ್ಟರು. ಟೇಪು ಹಿಡಿದು ಹೋಗಲು ಹಡಗು ಇಲ್ಲ. ಅದೇ 60ನೆಯ ಸಂಖ್ಯೆಯನ್ನೂ ಹೆಸರನ್ನೂ ಹೊತ್ತ ಹೊಸ ಐಎನ್‌ಎಸ್ ಮೈಸೂರು 1999ರಲ್ಲಿ ಬಂದಿದೆ, ಅದರ ಲಾಂಛನದಲ್ಲಿ ನಮ್ಮ ಗಂಡಭೇರುಂಡ ಇದೆ. ಹಳೆಯದರ ನಕ್ಷೆಯಲ್ಲಿ ಹಿಂಭಾಗದ ದೋಣಿ ಇಡುವ ಜಾಗದ ಸುತ್ತ ಒಂದು ಅಂಗೈಯಗಲ ಇನ್ನೂ ಕೆಂಪು ಇದೆ.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ನಿಮ್ಮ ಮನೆಯಲ್ಲಿ, ನೆಂಟರ ಮನೆಯಲ್ಲಿ, ನೌಕಾಪಡೆಗೆ ಹೋಗಿದ್ದ ಅಣ್ಣನೋ ಮಾವನೋ ಡೆಕ್ಕಿನ ಮೇಲೆ ನಿಂತು ತೆಗೆಸಿಕೊಂಡ ಫೋಟೋ ಇದ್ದರೆ ಒಂದು ದಿನದ ಮಟ್ಟಿಗೆ ಕೊಡಿ, ನಾನೇ ಬಂದು ತೆಗೆದುಕೊಂಡು ಹೋಗಿ ನಾನೇ ತಂದುಕೊಡುತ್ತೇನೆ. ಮುಖ ಮಸುಕಾಗಿದ್ದರೂ ಪರವಾಗಿಲ್ಲ, ನಾನು ನೋಡುವುದು ಬೆನ್ನ ಹಿಂದಿನ ಕಂಬ, ಕೊಕ್ಕೆ, ಬಾಗಿಲುಗಳನ್ನು. ಫೋಟೋದ ಹಿಂದೆ ಪೆನ್ಸಿಲಿನಲ್ಲಿ ತಾರೀಕು ಬರೆದಿದ್ದರೆ ದಯವಿಟ್ಟು ಅದನ್ನು ಒರೆಸಬೇಡಿ.